ರೆಬ್ಬೆಯ ಕೈ ಸೋಕಿದ ವಸ್ತುಗಳು

ಯಹೂದಿ ಧರ್ಮದಲ್ಲಿ ವಿಗ್ರಹಾರಾಧನೆಗೆ ಎಡೆಯಿಲ್ಲ. ಸಂತರ ಎಲುಬು, ಹಲ್ಲು, ಕೂದಲುಗಳನ್ನು ಸಂಪುಟದಲ್ಲಿಟ್ಟು ಪೂಜಿಸುವ ರೂಢಿಯೂ ಇಲ್ಲ. ಶವವನ್ನು ಮುಟ್ಟಿದವರಿಗೆ ತಗಲುವ ಮೈಲಿಗೆಯನ್ನು ಆ ಧರ್ಮದ ಶಾಸ್ತ್ರಗ್ರಂಥಗಳು ಎಲ್ಲ ಮೈಲಿಗೆಗಳಿಗಿಂತ ಉಗ್ರವಾದದ್ದೆಂದು ಎಣಿಸುತ್ತವೆ, ಸತ್ತವರ ದೇಹದಿಂದ ಬದುಕಿರುವವರು ಯಾವ ಪ್ರಯೋಜನವನ್ನೂ ಪಡೆಯಕೂಡದೆಂದು ವಿಧಿಸುತ್ತವೆ, ಸತ್ತವರನ್ನು ಆದಷ್ಟು ಬೇಗ ಮಣ್ಣಿಗೆ ಸೇರಿಸಬೇಕೆಂದು ಒತ್ತಿ ಹೇಳುತ್ತವೆ. ಮಧ್ಯಯುಗದ ಯುರೋಪಿನ ಚರ್ಚುಗಳು ಸಂತರ ಅವಶೇಷಗಳನ್ನು ಚಿನ್ನದ ಕರಂಡಕಗಳಲ್ಲಿಟ್ಟು ಯಾತ್ರಿಕರನ್ನು ಸೆಳೆಯುತ್ತಿದ್ದ ಕಾಲದಲ್ಲಿ, ಅವುಗಳ ನೆರೆಯಲ್ಲೇ ಬದುಕುತ್ತಿದ್ದ ಯಹೂದಿಗಳು ಆ ದಾರಿ ಹಿಡಿಯದಿರಲು ಇದು ಮುಖ್ಯ ಕಾರಣ. ಅಂಥ ಸಮಾಜದೊಳಗೇ 18ನೇ ಶತಮಾನದಲ್ಲಿ ಹುಟ್ಟಿದ ಹಸೀದಿ ಪಂಥವು ತನ್ನ ಗುರುಗಳು ಕೂತ ಕುರ್ಚಿ, ಕುಡಿದ ಬಟ್ಟಲು, ಊರಿದ ಕೋಲು, ಸೇದಿದ ಪೈಪು, ತೊಟ್ಟ ನಿಲುವಂಗಿ, ಕೊಟ್ಟ ನಾಣ್ಯಗಳನ್ನು ಪವಿತ್ರವೆಂದು ಕಾಪಾಡಿಕೊಂಡು ಬಂದಿದೆ. ಅವುಗಳಿಗಾಗಿ ಗಡಿಗಳನ್ನು ದಾಟಿದೆ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ದೇಹಕ್ಕೆ ಸಲ್ಲದ ಗೌರವ ಆ ದೇಹ ಬಳಸಿದ ವಸ್ತುವಿಗೆ ಸಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ಪಂಥದ ತತ್ತ್ವದಲ್ಲೂ ಇದೆ, ಅದು ಹಾದುಬಂದ ಚರಿತ್ರೆಯಲ್ಲೂ ಇದೆ.

ಹಸೀದಿ ಪಂಥದ ಮೂಲಪುರುಷನೆಂದು ಗಣ್ಯನಾದವನು ಇಸ್ರಯೇಲ್ ಬೆನ್ ಎಲಿಯೆಜರ್. ಬಾಲ್ ಶೆಮ್ ತೋವ್, ಅಂದರೆ ದಿವ್ಯನಾಮದ ಬಲವನ್ನು ಬಲ್ಲ ಸಜ್ಜನ, ಎಂಬ ಬಿರುದಿನಿಂದಲೇ ಪ್ರಸಿದ್ಧನಾದ ಆತ ಇಂದಿನ ಉಕ್ರೇನಿನಲ್ಲಿರುವ, ಅಂದು ಪೋಲೆಂಡಿನ ಆಳ್ವಿಕೆಯಲ್ಲಿದ್ದ ಮೆಜಿಬಿಜ್ ಎಂಬ ಊರಿನಲ್ಲಿ ನೆಲೆಸಿ 1760ರಲ್ಲಿ ತೀರಿಕೊಂಡ. ಶಾಸ್ತ್ರಪಾಂಡಿತ್ಯವೊಂದೇ ದೇವರನ್ನು ಮುಟ್ಟುವ ದಾರಿಯಲ್ಲ, ಅಕ್ಷರ ಬಾರದವನೂ ತನ್ಮಯತೆಯ ಪ್ರಾರ್ಥನೆಯಿಂದ, ಹಾಡಿನಿಂದ, ಸಂತೋಷದಿಂದ ಅಲ್ಲಿಗೆ ತಲುಪಬಲ್ಲ ಎಂಬುದು ಆತನ ಬೋಧನೆಯ ತಿರುಳು. ಅವನ ಬಳಿಕ ಮೆಜೆರಿಚ್‌ನ ದೋವ್ ಬೇರ್ ಆ ಬೋಧನೆಗೆ ಒಂದು ಚೌಕಟ್ಟು ಕೊಟ್ಟ. 1772ರಲ್ಲಿ ಅವನೂ ತೀರಿಕೊಂಡ ಮೇಲೆ ಶಿಷ್ಯರು ಪೋಲೆಂಡ್, ಗಲೀಶಿಯಾ, ಬೆಲಾರುಸ್, ಉಕ್ರೇನಿನ ಊರೂರುಗಳಲ್ಲಿ ತಮ್ಮವೇ ಪೀಠಗಳನ್ನು ಕಟ್ಟಿಕೊಂಡರು. ಇಂಥ ಪೀಠದ ಗುರುವನ್ನು ಅನುಯಾಯಿಗಳು ‘ರೆಬ್ಬೆ’ ಎಂದು ಕರೆಯುತ್ತಾರೆ. ತತ್ತ್ವದ ಭಾಷೆಯಲ್ಲಿ ಅವನು ‘ತ್ಸದ್ದೀಕ್’, ಅಂದರೆ ದೇವರಿಗೂ ಜನಕ್ಕೂ ನಡುವೆ ಕಾಲುವೆಯಂತೆ ನಿಂತು ಮೇಲಿನ ಕೃಪೆಯನ್ನು ಕೆಳಗೆ ಹರಿಸುವ ಪುಣ್ಯಪುರುಷ. ಅನುಯಾಯಿಗಳು ಹಸೀದರು. ಗುರುಪೀಠ ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ಸಾಗುತ್ತದೆ, ಊರಿನ ಹೆಸರೇ ಪೀಠದ ಹೆಸರಾಗುತ್ತದೆ. ಊರು ಬಿಟ್ಟು ಬ್ರೂಕ್ಲಿನ್‌ಗೋ ಜೆರುಸಲೇಮಿಗೋ ಹೋದ ಮೇಲೂ ಬೆಲ್ಜ್, ಗೇರ್, ಲುಬಾವಿಚ್, ಸತ್ಮಾರ್ ಎಂಬ ಹೆಸರುಗಳು ಉಳಿದುಕೊಂಡಿವೆ.

ವಸ್ತುಗಳ ಬಗೆಗಿನ ಹಸೀದಿ ಭಾವನೆಯ ಬೇರು ಇರುವುದು ಈ ಪಂಥಕ್ಕಿಂತ ಎರಡು ಶತಮಾನ ಹಿಂದೆ, ಗಲಿಲಾಯದ ಸಫೇದ್ ಎಂಬ ಬೆಟ್ಟದೂರಿನಲ್ಲಿ ಬೋಧಿಸಿ 1572ರಲ್ಲಿ ತೀರಿಕೊಂಡ ಐಸಾಕ್ ಲೂರಿಯಾನ ಅನುಭಾವದಲ್ಲಿ. ಸೃಷ್ಟಿಯ ಆದಿಯಲ್ಲಿ ದಿವ್ಯ ಬೆಳಕನ್ನು ತುಂಬಿಕೊಂಡ ಪಾತ್ರೆಗಳು ಒಡೆದು, ಆ ಬೆಳಕಿನ ಕಿಡಿಗಳು ಜಗತ್ತಿನ ಜಡವಸ್ತುಗಳಲ್ಲೆಲ್ಲ ಚದುರಿ ಸಿಕ್ಕಿಕೊಂಡಿವೆ, ಅವನ್ನು ಬಿಡಿಸಿ ಮೇಲಕ್ಕೆತ್ತುವುದೇ ಮನುಷ್ಯನ ಕೆಲಸ ಎಂದು ಆತ ಕಲಿಸಿದ್ದ. ಲೂರಿಯಾನ ಶಿಷ್ಯರಲ್ಲಿ ಈ ಕೆಲಸ ಬಹುಮಟ್ಟಿಗೆ ಉಪವಾಸ, ಜಾಗರಣೆ, ಗೂಢ ಧ್ಯಾನಗಳ ಮೂಲಕ ನಡೆಯಬೇಕಾಗಿತ್ತು. ಹಸೀದಿ ಗುರುಗಳು ಅದನ್ನು ಊಟ, ನಿದ್ದೆ, ವ್ಯಾಪಾರ, ಹೊಗೆಸೊಪ್ಪು ಸೇದುವಂಥ ನಿತ್ಯದ ಕ್ರಿಯೆಗಳಿಗೆ ಇಳಿಸಿದರು. ತ್ಸದ್ದೀಕ್ ಒಂದು ಬಟ್ಟಲಿನಿಂದ ದ್ರಾಕ್ಷಾರಸ ಕುಡಿದರೆ, ಆ ಕುಡಿಯುವಿಕೆಯೇ ಆರಾಧನೆ. ಅದರಲ್ಲಿ ಸಿಕ್ಕಿಬಿದ್ದ ಕಿಡಿ ಬಿಡುಗಡೆ ಪಡೆಯುತ್ತದೆ. ದೋವ್ ಬೇರ್‌ನ ಬಳಿಗೆ ತಾನು ಹೋದದ್ದು ಪ್ರವಚನ ಕೇಳುವುದಕ್ಕಲ್ಲ, ಆತ ಪಾದರಕ್ಷೆಯ ದಾರವನ್ನು ಬಿಚ್ಚಿ ಕಟ್ಟುವ ಬಗೆಯನ್ನು ನೋಡುವುದಕ್ಕೆ ಎಂದು ಲೇಬ್ ಸಾರಾಸ್ ಎಂಬ ಸಂತ ಹೇಳಿದನೆಂಬ ಕಥೆ ಹಸೀದರಲ್ಲಿ ಬಹಳ ಪ್ರಚಲಿತವಾಗಿದೆ. ದಾರ ಕಟ್ಟುವ ಬಗೆಯೇ ಉಪದೇಶವೆಂದಾದರೆ, ಆ ದಾರವೂ ಆ ಪಾದರಕ್ಷೆಯೂ ಉಪದೇಶದ ಬಿಡಿಸಲಾಗದ ಭಾಗವಾಗಿ ಉಳಿಯುವುದು ಸಹಜವೇ.

ಶಾಸ್ತ್ರದ ಆಧಾರವನ್ನೂ ಪಂಥ ಹುಡುಕಿಕೊಳ್ಳದೆ ಬಿಡಲಿಲ್ಲ. ಹೀಬ್ರೂ ಬೈಬಲ್ಲಿನಲ್ಲಿ ಪ್ರವಾದಿ ಎಲೀಯನ ಕಂಬಳಿ ಅವನ ಶಿಷ್ಯ ಎಲೀಷನ ಪಾಲಿಗೆ ಬರುತ್ತದೆ, ಅದರಿಂದ ಹೊಡೆದಾಗ ಯೊರ್ದಾನ್ ನದಿಯ ನೀರು ಇಬ್ಭಾಗವಾಗುತ್ತದೆ. ಎಲೀಷನು ತನ್ನ ಕೋಲನ್ನು ಸೇವಕನ ಕೈಲಿ ಕೊಟ್ಟು ಸತ್ತ ಮಗುವಿನ ಮುಖದ ಮೇಲಿಡಲು ಕಳಿಸುತ್ತಾನೆ, ಆ ಕೋಲು ಸೇವಕನ ಕೈಯಲ್ಲಿ ಫಲ ಕೊಡುವುದಿಲ್ಲ. ಗುರುವಿನ ವಸ್ತು ಬಲವುಳ್ಳದ್ದು, ಆದರೆ ಆ ಬಲ ತನ್ನಷ್ಟಕ್ಕೆ ದುಡಿಯುವುದಿಲ್ಲ ಎಂಬ ಎರಡೂ ಮಾತುಗಳು ಈ ಪ್ರಸಂಗಗಳಲ್ಲಿವೆ. ಇನ್ನು ತಾಲ್ಮೂದ್ ಎಂಬ ಧರ್ಮಶಾಸ್ತ್ರ ಸಂಗ್ರಹವು ವಸ್ತುಗಳನ್ನು ಖಚಿತವಾಗಿ ವಿಂಗಡಿಸುತ್ತದೆ. ತೋರಾ ಎಂಬ ಧರ್ಮಗ್ರಂಥದ ಸುರುಳಿಯ ಹೊದಿಕೆ, ಪೆಟ್ಟಿಗೆಯಂಥ ವಸ್ತುಗಳು ಪವಿತ್ರ ಅಕ್ಷರದ ಪರಿಕರಗಳಾದ್ದರಿಂದ ಹಳತಾದಾಗ ಅವನ್ನು ಮರ್ಯಾದೆಯಿಂದ ತೆಗೆದಿರಿಸಬೇಕು, ಹೂಳಬೇಕು; ಹಬ್ಬದಲ್ಲಿ ಊದುವ ಕೊಂಬು, ಹಿಡಿಯುವ ಖರ್ಜೂರದ ಗರಿ ಮೊದಲಾದವು ವಿಧಿಯ ಪರಿಕರಗಳು ಮಾತ್ರವಾದ್ದರಿಂದ ಕೆಲಸ ಮುಗಿದ ಮೇಲೆ ಅವನ್ನು ಎಸೆಯಬಹುದು. ರೆಬ್ಬೆ ಕೂತ ಕುರ್ಚಿ ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಕಟ್ಟುನಿಟ್ಟಾದ ಶಾಸ್ತ್ರದ ಕಣ್ಣಿಗೆ ಅದು ಬರಿಯ ಮರ. ಹಸೀದಿ ವಸ್ತುಭಕ್ತಿಯ ವೈಶಿಷ್ಟ್ಯವೂ ತೊಡಕೂ ಇಲ್ಲಿಂದಲೇ ಆರಂಭವಾಗುತ್ತವೆ: ಶಾಸ್ತ್ರ ಹೆಸರು ಕೊಡದ ಒಂದು ಪಾವಿತ್ರ್ಯವನ್ನು ಸಮುದಾಯವೇ ಗುರುತಿಸಬೇಕು, ಸಾಕ್ಷಿ ಹೇಳಬೇಕು, ಕಾಯಬೇಕು.

ಕಾಯುವ ವಸ್ತುಗಳೆಲ್ಲ ಒಂದೇ ಬಗೆಯವಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಹಣೆಗೂ ತೋಳಿಗೂ ಕಟ್ಟಿಕೊಳ್ಳುವ, ಶಾಸ್ತ್ರವಾಕ್ಯಗಳ ಚರ್ಮದ ಹಾಳೆಗಳಿರುವ ‘ತೆಫಿಲಿನ್’ ಪೆಟ್ಟಿಗೆಗಳು, ಹೊದೆಯುವ ಶಾಲು, ಪ್ರಾರ್ಥನಾ ಪುಸ್ತಕಗಳು ಮೊದಲೇ ಪವಿತ್ರವಾದವು. ಗುರುವಿನ ಬಳಕೆಯಿಂದ ಅವಕ್ಕೆ ಇನ್ನೊಂದು ಪದರ ಸೇರುತ್ತದೆ. ಬಾಲ್ ಶೆಮ್ ತೋವ್ ಬಳಸಿದನೆನ್ನಲಾದ ಕೈಬರಹದ ಪ್ರಾರ್ಥನಾ ಪುಸ್ತಕವೊಂದು ಬ್ರೂಕ್ಲಿನ್‌ನಲ್ಲಿರುವ ಲುಬಾವಿಚ್ ಪೀಠದ ಗ್ರಂಥಾಲಯದಲ್ಲಿದ್ದು, ತಮಗಾಗಿ ಪ್ರಾರ್ಥಿಸಬೇಕೆಂದು ಕೋರಿದ ಶಿಷ್ಯರ ಹೆಸರುಗಳು ಅದರ ಪುಟಗಳಲ್ಲಿವೆ. ಇನ್ನೊಂದು ಬಗೆ, ರೆಬ್ಬೆಯೇ ಹಂಚಿದ ವಸ್ತುಗಳು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಊಟದಲ್ಲಿ ರೆಬ್ಬೆ ಒಂದೆರಡು ತುತ್ತು ತಿಂದು ಬಿಟ್ಟ ಮೀನು, ರೊಟ್ಟಿಗಳು ‘ಶಿರಾಯಿಮ್’ ಎಂಬ ಪ್ರಸಾದವಾಗಿ ಮೇಜಿನ ಸುತ್ತ ನೆರೆದವರಿಗೆ ಸಲ್ಲುತ್ತವೆ. ಅದರ ಚೂರಿಗಾಗಿ ಕೈಗಳು ಮುಗಿಬೀಳುತ್ತವೆ. ಆಹಾರ ಕರಗಿಹೋಗುತ್ತದೆ, ನಾಣ್ಯ ಉಳಿಯುತ್ತದೆ. 1814ರಲ್ಲಿ ತೀರಿಕೊಂಡ ಕೊಜ್ನಿತ್ಸ್‌ನ ಇಸ್ರಯೇಲ್ ಹೋಪ್ಸ್ಟೈನ್‌ನಂಥ ಗುರುಗಳು ಹರಸಿ ಕೊಟ್ಟ ನಾಣ್ಯಗಳನ್ನು ಜನ ರಕ್ಷೆಯೆಂದು ಧರಿಸುತ್ತಿದ್ದರು. ರೆಬ್ಬೆಗಳ ಕೈಯಿಂದ ಬಂದ ಇಂಥ ಬೆಳ್ಳಿ ನಾಣ್ಯಗಳನ್ನು ಕೂಡಿಟ್ಟು, ಕರಗಿಸಿ, ಸಬ್ಬತ್ತನ್ನು ಬರಮಾಡಿಕೊಳ್ಳುವ ದ್ರಾಕ್ಷಾರಸದ ಬಟ್ಟಲನ್ನು ಮಾಡಿಸುವ ಪದ್ಧತಿಯೂ ಬೆಳೆಯಿತು. ನಾಣ್ಯದ ಮುದ್ರೆ, ಬೆಲೆ, ರಾಜನ ಮುಖ ಎಲ್ಲವೂ ಅಳಿಸಿಹೋದ ಮೇಲೂ ಗುರುವಿನ ಸ್ಪರ್ಶ ಲೋಹದಲ್ಲಿ ಉಳಿಯುತ್ತದೆ ಎಂಬ ಎಣಿಕೆ ಇದರ ಹಿಂದಿದೆ.

ಮೂರನೆಯ ಬಗೆಯೇ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವಂಥದ್ದು: ತಾವಾಗಿ ಯಾವ ಪಾವಿತ್ರ್ಯವೂ ಇಲ್ಲದ ಮನೆಬಳಕೆಯ ವಸ್ತುಗಳು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಬ್ರೆಸ್ಲೋವ್‌ನ ನಾಹ್ಮನ್‌ನ ಕುರ್ಚಿ. ಬಾಲ್ ಶೆಮ್ ತೋವ್‌ನ ಮರಿಮಗನಾದ ನಾಹ್ಮನ್ 1772ರಲ್ಲಿ ಹುಟ್ಟಿ, ಕ್ಷಯರೋಗದಿಂದ ನವೆದು, 1810ರಲ್ಲಿ 38ರ ವಯಸ್ಸಿನಲ್ಲಿ ಉಮಾನ್ ಎಂಬಲ್ಲಿ ತೀರಿಕೊಂಡ. ತೀರುವ ಎರಡು ವರ್ಷ ಮೊದಲು, 1808ರಲ್ಲಿ, ತೆಪ್ಲಿಕ್ ಎಂಬ ಊರಿನ ಶೋಹೆತ್ ಒಬ್ಬ, ಅಂದರೆ ಧರ್ಮವಿಧಿಯಂತೆ ಪ್ರಾಣಿವಧೆ ಮಾಡುವ ಕಸುಬಿನವನು, ಸೊಗಸಾದ ಕೆತ್ತನೆಯ ಮರದ ಕುರ್ಚಿಯೊಂದನ್ನು ತಾನೇ ಮಾಡಿ ತಂದು ಗುರುವಿಗೆ ಒಪ್ಪಿಸಿದ. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ನಾಹ್ಮನ್ ಕೇಳಿದಾಗ, ಆರು ತಿಂಗಳು ದಿನಕ್ಕೊಂದು ತಾಸಿನಂತೆ ಕೂತು ಮಾಡಿದೆನೆಂದು ಆತ ಉತ್ತರಿಸಿದನೆಂದೂ, ಹಾಗಿದ್ದರೆ ಅರ್ಧ ವರ್ಷ ದಿನವೂ ಒಂದು ತಾಸು ನನ್ನನ್ನು ನೆನೆದಂತಾಯಿತು ಎಂಬ ಅರ್ಥದ ಮಾತನ್ನು ನಾಹ್ಮನ್ ಆಡಿದನೆಂದೂ ಬ್ರೆಸ್ಲೋವ್ ಪರಂಪರೆ ಹೇಳುತ್ತದೆ. ಈ ಒಂದು ಮಾತಿನಲ್ಲಿ ಹಸೀದಿ ವಸ್ತುಭಾವನೆಯ ಅಂತರಂಗವಿದೆ. ಗುರು ಅದರಲ್ಲಿ ಕೂರುವ ಮೊದಲೇ ಆ ಮರದಲ್ಲಿ ಶಿಷ್ಯನ ಧ್ಯಾನ ಸೇರಿಕೊಂಡಿತ್ತು. ಪಾವಿತ್ರ್ಯ ಎರಡೂ ಕಡೆಯಿಂದ ಬಂದು ಕೂಡಿತು.

ನಾಹ್ಮನ್‌ನ ನಂತರ ಬ್ರೆಸ್ಲೋವ್ ಹಸೀದರು ಬೇರೊಬ್ಬ ರೆಬ್ಬೆಯನ್ನು ಆರಿಸಿಕೊಳ್ಳಲಿಲ್ಲ. ಪೀಠ ಖಾಲಿಯಾಗಿಯೇ ಉಳಿದ ಪಂಥದಲ್ಲಿ ಕುರ್ಚಿಗೆ ಬೇರೆಲ್ಲೂ ಇಲ್ಲದ ಭಾರ ಬಂದದ್ದು ಆಶ್ಚರ್ಯವಲ್ಲ. ರಷ್ಯಾದ ಕ್ರಾಂತಿಯ ನಂತರದ ವರ್ಷಗಳಲ್ಲಿ ಉಕ್ರೇನಿನ ಯಹೂದಿಗಳ ಮೇಲೆ ಕೊಲೆ ಸುಲಿಗೆಗಳ ಅಲೆ ಎದ್ದಾಗ ಕುರ್ಚಿಯನ್ನು ಬಿಚ್ಚಿ, ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ ಬಚ್ಚಿಡಲಾಯಿತು. 1936ರಲ್ಲಿ ಆ ತುಂಡುಗಳು ಜೆರುಸಲೇಮನ್ನು ತಲುಪಿದವು. 1959ರಲ್ಲಿ ಅವನ್ನು ಮತ್ತೆ ಜೋಡಿಸಲಾಯಿತು, 1984ರಲ್ಲಿ ಇನ್ನೊಮ್ಮೆ ದುರಸ್ತಿ ನಡೆಯಿತು. ಇಂದು ಅದು ಜೆರುಸಲೇಮಿನ ಮೆಯಾ ಶೆಯಾರಿಮ್ ಬಡಾವಣೆಯಲ್ಲಿರುವ, ಬ್ರೆಸ್ಲೋವ್ ಹಸೀದರ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿದೆ. ಜನರ ಬಾಯಲ್ಲಿ ಇದೇ ಕಥೆ ಇನ್ನೊಂದು ರೂಪ ತಾಳಿದೆ: ಓಡಿಹೋಗುವ ಹಸೀದರು ತಲೆಗೊಂದು ತುಂಡನ್ನು ಹಂಚಿಕೊಂಡು ದಿಕ್ಕುಪಾಲಾದರು, ಕೊನೆಗೆ ಎಲ್ಲರೂ ಜೆರುಸಲೇಮಿನಲ್ಲಿ ಕೂಡಿದಾಗ ಒಂದು ಚೂರೂ ಕಳೆದಿರಲಿಲ್ಲ ಎಂದು ಅದು ಹೇಳುತ್ತದೆ. ದಾಖಲೆಗೂ ಈ ಕಥೆಗೂ ಹೊಂದಾಣಿಕೆಯಿಲ್ಲದಿದ್ದರೂ ಕಥೆಯನ್ನು ತಳ್ಳಿಹಾಕುವುದು ಸರಿಯಲ್ಲ. ಚದುರಿಹೋದ ಸಮುದಾಯವೊಂದು ತನ್ನನ್ನೇ ಆ ಕುರ್ಚಿಯಲ್ಲಿ ಕಂಡುಕೊಂಡ ಬಗೆ ಅದು.

ಎಲ್ಲ ಪೀಠಗಳೂ ಒಬ್ಬ ಶೋಹೆತ್‌ನ ಕಾಣಿಕೆಯಿಂದ ತೃಪ್ತಿಪಟ್ಟವಲ್ಲ. ರೂಜಿನ್‌ನ ಇಸ್ರಯೇಲ್ ಫ್ರೀಡ್ಮನ್ (1796–1850) ಅರಸನಂತೆ ಬದುಕಿದ. ಮೇನೆಗಾಡಿ, ಕುದುರೆ, ಸಂಗೀತಗಾರರು, ಬೆಳ್ಳಿ ಬಂಗಾರದ ಪಾತ್ರೆಗಳಿಂದ ತುಂಬಿದ ಅವನ ದರ್ಬಾರು ರಷ್ಯಾದ ಅಧಿಕಾರಿಗಳ ಕಣ್ಣು ಕುಕ್ಕಿತು. ಸರ್ಕಾರದ ಮಾಹಿತಿದಾರರ ಕೊಲೆಗೆ ಒಪ್ಪಿಗೆ ಕೊಟ್ಟನೆಂಬ ಆಪಾದನೆಯ ಮೇಲೆ 1838ರಲ್ಲಿ ಬಂಧಿತನಾಗಿ, 1840ರಲ್ಲಿ ಬಿಡುಗಡೆ ಪಡೆದು, ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಸದಿಗೂರಾಕ್ಕೆ ತಪ್ಪಿಸಿಕೊಂಡು ಹೋಗಿ, ಅಲ್ಲಿಯೂ ಅರಮನೆ ಕಟ್ಟಿಸಿದ. ಅವನ ಚಿನ್ನದ ಬೂಟುಗಳಿಗೆ ಅಟ್ಟೆಯೇ ಇರಲಿಲ್ಲ, ನೋಡುವವರಿಗೆ ವೈಭವವಾಗಿ ಕಂಡರೂ ಆತ ಹಿಮದ ಮೇಲೆ ಬರಿಗಾಲಲ್ಲಿ ನಡೆದು ನೆತ್ತರಿನ ಹೆಜ್ಜೆ ಮೂಡಿಸುತ್ತಿದ್ದ ಎಂದು ಹಸೀದರು ಹೇಳಿಕೊಳ್ಳುತ್ತಾರೆ. ತಾಲ್ನೆಯ ದಾವಿದ್ ಟ್ವೆರ್ಸ್ಕಿ ಬೆಳ್ಳಿಯ ಸಿಂಹಾಸನದಲ್ಲಿ ಕೂರುತ್ತಿದ್ದ; ಇಸ್ರಯೇಲಿನ ಅರಸ ದಾವೀದನು ಬದುಕಿದ್ದಾನೆಂಬ ಪುರಾತನ ವಾಕ್ಯ ಅದರ ಮೇಲಿತ್ತು. ಈ ಆಡಂಬರವನ್ನು ಹಸೀದಿ ಲೋಕ ಒಕ್ಕೊರಲಿನಿಂದ ಒಪ್ಪಿರಲಿಲ್ಲ ಎಂಬುದನ್ನು ಮರೆಯಬಾರದು: ಸಾಂಜ್‌ನ ಹಾಯಿಮ್ ಹಾಲ್ಬರ್‌ಸ್ಟಾಮ್, ತಾನೇ ದೊಡ್ಡ ರೆಬ್ಬೆಯಾಗಿದ್ದವನು, 1869ರಲ್ಲಿ ಸದಿಗೂರಾದ ಮನೆತನದ ಐಶ್ವರ್ಯದ ಬದುಕಿನ ವಿರುದ್ಧ ಬಹಿರಂಗವಾಗಿ ತಿರುಗಿಬಿದ್ದ, ಆ ಜಗಳ ಗಲೀಶಿಯಾದ ಹಸೀದರನ್ನು ಎರಡು ಬಣಗಳಾಗಿ ಸೀಳಿತು. ಪಂಥದ ಹೊರಗಿನ ವಿರೋಧವಂತೂ ಇದಕ್ಕಿಂತ ಹಳೆಯದು. ವಿಲ್ನಾದ ಪಂಡಿತರು 1772ರಲ್ಲೇ ಬಹಿಷ್ಕಾರ ಹಾಕಿದ್ದರು, ತರ್ನೋಪೋಲ್‌ನ ಯೋಸೆಫ್ ಪೆರ್ಲ್ 1819ರಲ್ಲಿ ಪ್ರಕಟಿಸಿದ ವಿಡಂಬನೆಯಲ್ಲಿ ಹಸೀದರ ಗುರುಭಕ್ತಿಯನ್ನು ನಿರ್ದಯವಾಗಿ ಲೇವಡಿ ಮಾಡಿದ್ದ.

ಬೆಳ್ಳಿ ಬಂಗಾರಗಳ ಈ ಜಗತ್ತು ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು. ಪೂರ್ವ ಯುರೋಪಿನ ಹಸೀದಿ ಸಮುದಾಯಗಳ ಬಹುಪಾಲು ಜನರನ್ನು ನಾಜಿಗಳು ಕೊಂದರು. ಮೆಜಿಬಿಜ್‌ನ ಬಾಲ್ ಶೆಮ್ ತೋವ್ ಸಿನಗಾಗ್‌ನಿಂದ ಹಿಡಿದು ಲೆಕ್ಕವಿಲ್ಲದಷ್ಟು ಪ್ರಾರ್ಥನಾಮಂದಿರಗಳು ಇಲ್ಲವಾದವು. ಉಳಿದ ವಸ್ತುಗಳ ಅರ್ಥ ಅಲ್ಲಿಂದ ಮುಂದೆ ಮೊದಲಿನಂತಿರಲಿಲ್ಲ. ಅಲ್ಲಿಯವರೆಗೆ ಬಟ್ಟಲು ರೆಬ್ಬೆಯ ಸ್ಪರ್ಶಕ್ಕೆ ಸಾಕ್ಷಿಯಾಗಿತ್ತು. ಯುದ್ಧದ ನಂತರ ಅದು ಆ ರೆಬ್ಬೆಯನ್ನು ನೋಡಲು ಬರುತ್ತಿದ್ದ, ಈಗ ಗೋರಿಯೂ ಇಲ್ಲದ ಸಾವಿರಾರು ಜನರಿಗೆ ಸಾಕ್ಷಿಯಾಯಿತು. ಬೆಲ್ಜ್‌ನ ರೆಬ್ಬೆ ಆರೋನ್ ರೊಕೇಯಾಹ್ (1880–1957) ಹೆಂಡತಿ, ಮಕ್ಕಳು, ಮೊಮ್ಮಕ್ಕಳನ್ನು ಕಳೆದುಕೊಂಡು, ಹಂಗೆರಿಯ ಮಾರ್ಗವಾಗಿ ತಪ್ಪಿಸಿಕೊಂಡು 1944ರಲ್ಲಿ ಪ್ಯಾಲೆಸ್ಟೀನ್ ತಲುಪಿದ. ಆ ಪೀಠ ಜೆರುಸಲೇಮಿನಲ್ಲಿ 2000ದಲ್ಲಿ ಉದ್ಘಾಟಿಸಿದ ಮಹಾ ಸಿನಗಾಗ್‌ನಲ್ಲಿ ತೋರಾ ಸುರುಳಿಗಳನ್ನಿಡುವ ಮರದ ಮಂಟಪ 12 ಮೀಟರ್ ಎತ್ತರಕ್ಕಿದೆ. ಆ ಭವ್ಯತೆಯ ನಡುವೆಯೇ, ಆರೋನ್ ರೊಕೇಯಾಹ್ ಬರಿಗೈಯಲ್ಲಿ ಬಂದಿಳಿದ ದಿನಗಳಲ್ಲಿ ಬಳಸಿದ ಸಾದಾ ಮರದ ಕುರ್ಚಿಯನ್ನೂ ಪುಸ್ತಕವಿಡುವ ಓದುಪೀಠವನ್ನೂ ಇರಿಸಿದ್ದಾರೆ. ಸಾಂಜ್ ಮತ್ತು ಸದಿಗೂರಾಗಳ ಹಳೆಯ ಜಗಳ ಈ ಒಂದು ಕೋಣೆಯಲ್ಲಿ ತಣ್ಣಗಾದಂತೆ ತೋರುತ್ತದೆ.

ವಸ್ತು ಅಪರೂಪವಾದಷ್ಟೂ ಅದು ನಿಜವೇ ಎಂಬ ಪ್ರಶ್ನೆ ಬಲವಾಗುತ್ತದೆ. ಬಾಲ್ ಶೆಮ್ ತೋವ್ ಮತ್ತು ಅವನ ಸುತ್ತಲಿನವರದೆಂದು ಹೇಳಲಾದ ನೂರಾರು ಪತ್ರಗಳ ಕಟ್ಟೊಂದು 1918ರ ಹೊತ್ತಿಗೆ ಬೆಳಕಿಗೆ ಬಂತು. ‘ಹೆರ್ಸೋನ್ ಗೆನಿಜಾ’ ಎಂದು ಹೆಸರಾದ ಈ ಪತ್ರಗಳು ರೂಜಿನ್‌ನ ಇಸ್ರಯೇಲ್‌ನ ಬಂಧನದ ವೇಳೆ ಸರ್ಕಾರ ವಶಪಡಿಸಿಕೊಂಡ ಕಾಗದಗಳೆಂದು ನಂಬಲಾಯಿತು. ಪತ್ರಗಳೊಳಗಿನ ಕಾಲ, ದಿನಾಂಕಗಳ ಅಸಂಗತಿಗಳನ್ನು ಎತ್ತಿ ತೋರಿಸಿ ವಿದ್ವಾಂಸರು ಅವು ಕೃತಕವೆಂದು ತೀರ್ಮಾನಿಸಿದರು. ಲುಬಾವಿಚ್‌ನ ಆರನೇ ರೆಬ್ಬೆ ಯೋಸೆಫ್ ಯಿತ್ಸಾಕ್ ಶ್ನೇರ್ಸೋನ್ ಮಾತ್ರ ಅವು ಮೂಲಹಸ್ತಾಕ್ಷರವಲ್ಲದಿದ್ದರೂ ನಿಜವಾದ ಪತ್ರಗಳ ನಕಲುಗಳೆಂದು ಎತ್ತಿಹಿಡಿದ. ಇದೇ ಬಾಲ್ ಶೆಮ್ ತೋವ್ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲದ ದಾಖಲೆ ಸಿಕ್ಕಿದ್ದು ಪೋಲೆಂಡಿನ ಜಮೀನ್ದಾರಿ ಮನೆತನದ ತೆರಿಗೆ ಕಡತಗಳಲ್ಲಿ. ಇತಿಹಾಸಕಾರ ಮೋಷೆ ರೋಸ್ಮನ್ 1996ರ ತನ್ನ ಗ್ರಂಥದಲ್ಲಿ ತೋರಿಸಿರುವಂತೆ, ಆತ ಸಮುದಾಯಕ್ಕೆ ಸೇರಿದ ಮನೆಯಲ್ಲಿ ತೆರಿಗೆ ವಿನಾಯಿತಿಯೊಡನೆ ವಾಸವಾಗಿದ್ದ. ಭಕ್ತರು ಹಂಬಲಿಸಿದ ಪತ್ರಗಳು ಸುಳ್ಳಾಗಿ, ಯಾರೂ ಪೂಜಿಸದ ಕಂದಾಯದ ಲೆಕ್ಕ ಸತ್ಯವನ್ನು ಹೇಳಿತು. ಜೆರುಸಲೇಮ್, ನ್ಯೂಯಾರ್ಕ್‌ಗಳ ಹರಾಜು ಕಟ್ಟೆಗಳಲ್ಲಿ ರೆಬ್ಬೆಗಳ ಬಟ್ಟಲು, ಪತ್ರ, ಕೋಲುಗಳು ಬಿಕರಿಯಾಗುವ ಈ ಕಾಲದಲ್ಲಿ, ವಸ್ತು ಯಾವ ಕೈಯಿಂದ ಯಾವ ಕೈಗೆ ಬಂತೆಂಬ ಸರಪಳಿಯೇ ಬಹುಮಟ್ಟಿಗೆ ಅದರ ಬೆಲೆಯನ್ನು ನಿರ್ಧರಿಸುತ್ತದೆ. ಅಲ್ಲಿ ಶ್ರದ್ಧೆ ಎಷ್ಟಿದೆಯೋ ಮೋಸಕ್ಕೂ ಅಷ್ಟೇ ಅವಕಾಶವಿದೆ.

ಲುಬಾವಿಚ್ ಪೀಠದ ಏಳನೇ ಮತ್ತು ಕೊನೆಯ ರೆಬ್ಬೆ ಮೆನಾಹೆಮ್ ಮೆಂಡೆಲ್ ಶ್ನೇರ್ಸನ್ (1902–1994) ಕಾಲದಲ್ಲಿ ಹಸೀದಿ ಸ್ಮಾರಕ ವಸ್ತು ಅಪರೂಪದ್ದಾಗಿ ಉಳಿಯಲಿಲ್ಲ. 1986ರಿಂದ ಆತ ಬ್ರೂಕ್ಲಿನ್‌ನ ಈಸ್ಟರ್ನ್ ಪಾರ್ಕ್‌ವೇಯ 770ನೇ ನಂಬರಿನ ಕಟ್ಟಡದಲ್ಲಿ ಭಾನುವಾರಗಳಂದು ತಾಸುಗಟ್ಟಲೆ ನಿಂತು, ಸಾಲಿನಲ್ಲಿ ಬಂದ ಪ್ರತಿಯೊಬ್ಬರ ಕೈಗೂ ಒಂದೊಂದು ಡಾಲರ್ ನೋಟು ಕೊಟ್ಟು ಹರಸಿ ಕಳಿಸುತ್ತಿದ್ದ. 1992ರಲ್ಲಿ ಪಾರ್ಶ್ವವಾಯು ಬಡಿಯುವವರೆಗೆ ಇದು ನಡೆಯಿತು. ನೋಟು ಕೊಟ್ಟದ್ದು ಇಟ್ಟುಕೊಳ್ಳುವುದಕ್ಕಲ್ಲ, ದಾನಕ್ಕೆ: ಇಬ್ಬರು ಭೇಟಿಯಾದಾಗ ಮೂರನೆಯವನಿಗೂ ಒಳಿತಾಗಬೇಕೆಂಬ ಬೋಧನೆಯ ಆಚರಣೆ ಅದು. ಪಡೆದವರಲ್ಲಿ ಅನೇಕರು ಮಾಡಿದ್ದೇನೆಂದರೆ, ತಮ್ಮ ಜೇಬಿನ ಇನ್ನೊಂದು ಡಾಲರನ್ನು ದಾನಕ್ಕೆ ಹಾಕಿ, ರೆಬ್ಬೆಯ ಕೈಯಿಂದ ಬಂದ ನೋಟಿಗೆ ಲ್ಯಾಮಿನೇಷನ್ ಮಾಡಿಸಿ, ತಾರೀಖು ಬರೆದು ಕಾಪಾಡಿಕೊಂಡರು. ಹಸಿರು ನೋಟು, ಪ್ಲಾಸ್ಟಿಕ್ ಹೊದಿಕೆ, ಕೈಬರಹದ ತಾರೀಖು. ಕೊಜ್ನಿತ್ಸ್‌ನ ಬೆಳ್ಳಿ ನಾಣ್ಯದ ವಂಶಜ ಇದು. ಗುರುವಿನ ಉದ್ದೇಶ ವಸ್ತು ಕೈಬದಲಾಗಲೆಂಬುದು, ಶಿಷ್ಯನ ಆಸೆ ಅದು ಕೈಯಲ್ಲೇ ಉಳಿಯಲೆಂಬುದು. ಬದಲಿ ಡಾಲರಿನ ಉಪಾಯ ಇವೆರಡನ್ನೂ ಉಳಿಸಿಕೊಂಡಿತು, ದಾನದ ಪೆಟ್ಟಿಗೆಗೂ ನಷ್ಟವಾಗಲಿಲ್ಲ.

ಇಷ್ಟಾದ ಮೇಲೆ ಉಳಿಯುವುದು ಒಡೆತನದ ಪ್ರಶ್ನೆ. ರೆಬ್ಬೆ ತೀರಿಕೊಂಡಾಗ ಅವನ ವಸ್ತುಗಳು ಮನೆಯವರವೋ ಪಂಥದವೋ? ಈ ಪ್ರಶ್ನೆ ನೇರವಾಗಿ ನ್ಯಾಯಾಲಯಕ್ಕೆ ಬಂದದ್ದು 1985ರಲ್ಲಿ. ಯೋಸೆಫ್ ಯಿತ್ಸಾಕ್ ಶ್ನೇರ್ಸೋನ್ 1950ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಸುಮಾರು 40,000 ಗ್ರಂಥಗಳ ಸಂಗ್ರಹದಿಂದ ಅವನ ಮೊಮ್ಮಗ ನೂರಾರು ಪುಸ್ತಕಗಳನ್ನು ಒಯ್ದು ಕೆಲವನ್ನು ಮಾರಿದ. ತಾತನ ಆಸ್ತಿಯಲ್ಲಿ ತನ್ನ ತಾಯಿಗೂ ಪಾಲಿದೆ ಎಂಬುದು ಅವನ ವಾದವಾಗಿತ್ತು. ಪಂಥದ ಸಂಸ್ಥೆ ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಸಾಕ್ಷಿ ನುಡಿದ ಆರನೇ ರೆಬ್ಬೆಯ ಮಗಳು, ಏಳನೇ ರೆಬ್ಬೆಯ ಪತ್ನಿ ಹಯಾ ಮುಷ್ಕಾ, ಪುಸ್ತಕಗಳಷ್ಟೇ ಅಲ್ಲ, ತನ್ನ ತಂದೆಯೇ ಹಸೀದರಿಗೆ ಸೇರಿದವನು ಎಂಬರ್ಥದ ಮಾತನ್ನಾಡಿದಳು. ಪೋಲೆಂಡಿನಲ್ಲಿ ಉಳಿದ ಪುಸ್ತಕಗಳನ್ನು ತರಿಸಿಕೊಳ್ಳಲು ನೆರವು ಕೋರಿ 1946ರಲ್ಲಿ ರೆಬ್ಬೆಯೇ ಬರೆದ, ಸಂಗ್ರಹ ಪಂಥದ್ದೆಂದು ತಿಳಿಸಿದ ಪತ್ರವನ್ನು ಆಧಾರವಾಗಿಟ್ಟುಕೊಂಡು ನ್ಯಾಯಾಧೀಶ ಚಾರ್ಲ್ಸ್ ಸಿಫ್ಟನ್ 1987ರ ಜನವರಿ 6ರಂದು ಪಂಥದ ಪರ ತೀರ್ಪು ಕೊಟ್ಟ. ಯಹೂದಿ ಪಂಚಾಂಗದ ಆ ದಿನ, ತೆವೇತ್ ತಿಂಗಳ ಐದು, ಲುಬಾವಿಚ್ ಹಸೀದರಿಗೆ ಪುಸ್ತಕಗಳ ಹಬ್ಬವಾಯಿತು. ಹಯಾ ಮುಷ್ಕಾಳ ಮಾತೇ ಈ ವಿಷಯದಲ್ಲಿ ಸರಿಯಾದ ತೀರ್ಪೆಂದು ಒಪ್ಪಬೇಕಾಗುತ್ತದೆ. ಬಳಕೆಯಿಂದ, ನೆನಪಿನಿಂದ, ಸಮುದಾಯದ ಸಾಕ್ಷಿಯಿಂದ ಪವಿತ್ರವಾದ ವಸ್ತುವನ್ನು ಖಾಸಗಿ ಆಸ್ತಿಯೆಂದು ಎಣಿಸಿದ ಕ್ಷಣ ಅದು ಮತ್ತೆ ಬರಿಯ ಮರ, ಬರಿಯ ಕಾಗದವಾಗುತ್ತದೆ.

ಇನ್ನೊಂದು ಗ್ರಂಥಾಲಯದ ವಿಷಯ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಮುಂದೊತ್ತಿ ಬಂದಾಗ, 1915ರಲ್ಲಿ ಐದನೇ ರೆಬ್ಬೆ ಶೋಲೋಮ್ ದೋವ್ ಬೇರ್ ಲುಬಾವಿಚ್ ಬಿಟ್ಟು ಹೊರಡುವಾಗ ತನ್ನ ಸಂಗ್ರಹದ ಸುಮಾರು 12,000 ಗ್ರಂಥಗಳನ್ನು ಮಾಸ್ಕೋದ ಉಗ್ರಾಣವೊಂದಕ್ಕೆ ಕಳಿಸಿದ. ಕ್ರಾಂತಿಯ ನಂತರ ಬೋಲ್ಶೆವಿಕ್ ಸರ್ಕಾರ ಅವನ್ನು ರಾಷ್ಟ್ರೀಕರಿಸಿ ಲೆನಿನ್ ಗ್ರಂಥಾಲಯಕ್ಕೆ ಸೇರಿಸಿತು. ಆರನೇ ರೆಬ್ಬೆಯ ಕೈಬರಹದ ಕಾಗದಗಳು ಪೋಲೆಂಡಿನಲ್ಲಿ ನಾಜಿಗಳ ಪಾಲಾಗಿ, ಅವರಿಂದ ಸೋವಿಯತ್ ಸೇನೆಯ ಕೈ ಸೇರಿ, ಮಾಸ್ಕೋದ ಸೇನಾ ಪತ್ರಾಗಾರಕ್ಕೆ ಹೋದವು. ಇವನ್ನು ಹಿಂದಿರುಗಿಸಬೇಕೆಂದು ಅಮೆರಿಕದ ಫೆಡರಲ್ ನ್ಯಾಯಾಧೀಶ ರಾಯ್ಸ್ ಲ್ಯಾಂಬರ್ತ್ 2010ರಲ್ಲಿ ಆದೇಶಿಸಿದ, 2013ರ ಜನವರಿಯಲ್ಲಿ ದಿನಕ್ಕೆ 50,000 ಡಾಲರ್ ದಂಡವನ್ನೂ ವಿಧಿಸಿದ. ರಷ್ಯಾ ಆ ನ್ಯಾಯಾಲಯದ ಅಧಿಕಾರವನ್ನೇ ಒಪ್ಪಲಿಲ್ಲ. ತನ್ನ ಕಲಾಕೃತಿಗಳನ್ನು ಅಮೆರಿಕ ಜಪ್ತಿ ಮಾಡೀತೆಂಬ ಕಾರಣಕ್ಕೆ ಅಲ್ಲಿನ ವಸ್ತುಸಂಗ್ರಹಾಲಯಗಳಿಗೆ ಎರವಲು ಕಳಿಸುವುದನ್ನು ನಿಲ್ಲಿಸಿತು. 2013ರಲ್ಲಿ ರಷ್ಯಾ ಸರ್ಕಾರ ಆ ಗ್ರಂಥಗಳನ್ನು ಮಾಸ್ಕೋದ ಯಹೂದಿ ವಸ್ತುಸಂಗ್ರಹಾಲಯಕ್ಕೆ ವರ್ಗಾಯಿಸಲು ತೊಡಗಿತು. ಅಲ್ಲಿ ಅವನ್ನು ತೆರೆದು ಓದಬಹುದು, ಆದರೆ ಬ್ರೂಕ್ಲಿನ್‌ಗೆ ಒಯ್ಯುವಂತಿಲ್ಲ.